ಆಗಾಗ ನಿಂತುಹೋಗುತ್ತಿದ್ದ ಸರ್ವರ್: ಹಾರ್ಡ್ ಡಿಸ್ಕ್ ತೊಂದರೆಯ ಬೆನ್ನುಹತ್ತಿದ ಅನುಭವ

ನಾನು ನೋಡಿಕೊಳ್ಳುತ್ತಿರುವ ಲಿನಕ್ಸ್ ಸರ್ವರ್ ಒಂದು ಕೆಲವು ತಿಂಗಳುಗಳಿಂದ ಇದ್ದಕ್ಕಿದ್ದಂತೆ ಗರಬಡಿದವರಂತೆ ನಿಂತುಬಿಡುತ್ತಿತ್ತು. ಅರ್ಧ ನಿಮಿಷವೋ ಎರಡು ನಿಮಿಷವೋ ಹಾಗೆಯೇ ಇದ್ದು, ಆಮೇಲೆ ಏನೂ ಆಗಿಲ್ಲವೆಂಬಂತೆ ಕೆಲಸ ಮುಂದುವರಿಸುತ್ತಿತ್ತು. ಪೂರ್ತಿ ಕೆಟ್ಟುಹೋದ ಯಂತ್ರವನ್ನು ಸರಿಪಡಿಸುವುದು ಎಷ್ಟೋ ವಾಸಿ. ಕೆಡುವುದೂ ತಾನಾಗಿಯೇ ಸರಿಹೋಗುವುದೂ ನಡೆದೇ ಇದ್ದರೆ ಯಾವ ಎಳೆಯನ್ನು ಹಿಡಿದು ಹುಡುಕಬೇಕೆಂಬುದೇ ತೋಚುವುದಿಲ್ಲ. ಈಗ ತೊಂದರೆ ನೀಗಿದೆ. ಇದೇ ಸ್ಥಿತಿಯಲ್ಲಿ ಸಿಕ್ಕಿಕೊಂಡಿರುವವರು ಹೊಸ ಡಿಸ್ಕ್ ಕೊಳ್ಳಲು ಓಡುವ ಮೊದಲು ಏನನ್ನೆಲ್ಲ ನೋಡಬಹುದು ಎಂಬುದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಸರ್ವರ್‌ನಲ್ಲಿ ನಾಲ್ಕು ಸಾಟಾ ಹಾರ್ಡ್ ಡಿಸ್ಕ್‌ಗಳಿವೆ. ಲಿನಕ್ಸ್‌ನದೇ ಸಾಫ್ಟ್‌ವೇರ್ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ವ್ಯವಸ್ಥೆ) ಬಳಸಿ ಎರಡೆರಡನ್ನು ಜೋಡಿ ಮಾಡಿ ಮಿರರ್ ಆಗಿ, ಅಂದರೆ ಒಂದರಲ್ಲಿರುವುದೇ ಇನ್ನೊಂದರಲ್ಲೂ ಇರುವಂತೆ, ಇಟ್ಟಿದ್ದೇವೆ. ಮೊದಲ ಜೋಡಿಯಲ್ಲಿ ಆಪರೇಟಿಂಗ್ ಸಿಸ್ಟಮ್ ಮತ್ತು ಡೇಟಾಬೇಸ್, ಎರಡನೆಯ ಜೋಡಿಯಲ್ಲಿ ಬಳಕೆದಾರರ ಕಡತಗಳು. ಮಿರರ್ ಇದ್ದ ಕಾರಣದಿಂದಲೇ ಇಷ್ಟು ದಿನ ಡೇಟಾ ಉಳಿದುಕೊಂಡಿತು ಎನ್ನುವುದು ನಿಜ. ಆದರೆ ಮಿರರ್‌ನಲ್ಲಿ ಬರೆಯುವ ಪ್ರತಿಯೊಂದು ಸಂಗತಿಯೂ ಎರಡೂ ಡಿಸ್ಕ್‌ಗಳನ್ನು ಮುಟ್ಟಲೇಬೇಕಾದ್ದರಿಂದ, ಒಂದು ಡಿಸ್ಕ್ ಸುಮ್ಮನಾದರೂ ಇಡೀ ಜೋಡಿ ಅದಕ್ಕಾಗಿ ಕಾಯುತ್ತಾ ಕೂರುತ್ತದೆ ಎನ್ನುವುದೂ ಅಷ್ಟೇ ನಿಜ. ಡಿಸ್ಕ್ ಸತ್ತರೆ ರೇಡ್ ಕಾಪಾಡುತ್ತದೆ. ಡಿಸ್ಕ್ ತಡಮಾಡಿದರೆ ಅದರ ಕೈಯಲ್ಲಿ ಏನೂ ಆಗುವುದಿಲ್ಲ.

ನಿಂತ ಹೊತ್ತಿನಲ್ಲಿ ಸರ್ವರ್ ಹೇಗಿರುತ್ತಿತ್ತು ಎಂಬುದನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ನೆಟ್‌ವರ್ಕ್ ತೊಂದರೆಗೂ ಡಿಸ್ಕ್ ತೊಂದರೆಗೂ ಇರುವ ವ್ಯತ್ಯಾಸ ಅಲ್ಲಿಯೇ ಕಾಣುತ್ತದೆ. ಪಿಂಗ್ ಮಾಡಿದರೆ ಒಂದು ಮಿಲಿಸೆಕೆಂಡಿನೊಳಗೆ ಉತ್ತರ ಬರುತ್ತಿತ್ತು. ದೂರದಿಂದ ಸರ್ವರಿನೊಳಕ್ಕೆ ಹೋಗುವ ಎಸ್‌ಎಸ್‌ಎಚ್ ಸಂಪರ್ಕವೂ ಸಿಗುತ್ತಿತ್ತು, ಆದರೆ ಪಾಸ್‌ವರ್ಡ್ ಕೊಟ್ಟ ನಂತರ ಮುಂದಕ್ಕೆ ಹೋಗುತ್ತಿರಲಿಲ್ಲ. ಮೊದಲೇ ತೆರೆದಿಟ್ಟಿದ್ದ ಟರ್ಮಿನಲ್‌ನಲ್ಲಿ ಆಗಲೇ ಮೆಮೊರಿಯಲ್ಲಿದ್ದ ಆದೇಶಗಳು ಓಡುತ್ತಿದ್ದವು, ಡಿಸ್ಕಿನಿಂದ ಓದಿ ತರಬೇಕಾದವು ಅಲ್ಲಿಯೇ ಸಿಕ್ಕಿಕೊಳ್ಳುತ್ತಿದ್ದವು. ಪ್ರೊಸೆಸರ್ ಕೆಲಸವಿಲ್ಲದೆ ಕುಳಿತಿದ್ದರೂ ಲೋಡ್ ಆವರೇಜ್ (ಕೆಲಸದ ಸಾಲಿನಲ್ಲಿರುವ ಪ್ರಕ್ರಿಯೆಗಳ ಸರಾಸರಿ) ಮಾತ್ರ ಏರುತ್ತಲೇ ಹೋಗುತ್ತಿತ್ತು. ಡಿಸ್ಕಿನ ಉತ್ತರಕ್ಕಾಗಿ ಕಾಯುತ್ತಿರುವ, ‘ಡಿ’ ಸ್ಥಿತಿಯಲ್ಲಿರುವ ಪ್ರಕ್ರಿಯೆಗಳನ್ನೂ ಲಿನಕ್ಸ್ ಲೋಡ್‌ನಲ್ಲಿ ಎಣಿಸುವುದೇ ಇದಕ್ಕೆ ಕಾರಣ. ಈ ಸ್ಥಿತಿಯಲ್ಲಿರುವ ಪ್ರಕ್ರಿಯೆಯನ್ನು ಕಿಲ್ ಮಾಡಲು ಹೋದರೆ, ಬಲವಂತವಾಗಿ ಕೊನೆಗಾಣಿಸುವ 9ನೆಯ ಸಿಗ್ನಲ್ ಕಳಿಸಿದರೂ, ಅದು ಜಪ್ಪಯ್ಯ ಎನ್ನುವುದಿಲ್ಲ.

ಮೊದಲ ಅಡ್ಡಿ ತಾಂತ್ರಿಕವಾದದ್ದಲ್ಲ. ಸರ್ವರ್ ನಿಂತಿತೆಂದರೆ ಸರದಿಯಲ್ಲಿದ್ದವರು ಹೋಗಿ ಪವರ್ ಬಟನ್ ಒತ್ತಿಬಿಡುತ್ತಿದ್ದರು. ಅವರನ್ನು ದೂರುವಂತಿಲ್ಲ, ಫೋನಿನ ಮೇಲೆ ಫೋನು ಬರುತ್ತಿರುವಾಗ ಕಾಯಿರಿ ಎಂದು ಯಾರಿಗೆ ಹೇಳಲಾಗುತ್ತದೆ? ಆದರೆ ಹಾಗೆ ಬಟನ್ ಒತ್ತಿದಾಗ ಲಿನಕ್ಸ್‌ನ ತಿರುಳಾದ ಕರ್ನಲ್ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿದ್ದ ಸಂದೇಶಗಳೆಲ್ಲ ಅಳಿಸಿಹೋಗುತ್ತವೆ. ಲಾಗ್ ಬರೆಯಬೇಕಾದದ್ದು ನಿಂತುಹೋಗಿರುವ ಅದೇ ಡಿಸ್ಕಿನ ಮೇಲೆ ತಾನೇ! ಹೀಗಾಗಿ ಲಾಗ್ ತೆರೆದರೆ ಮಾಮೂಲಿ ಸಾಲುಗಳು, ಅನಂತರ ಒಂದು ಖಾಲಿ ಅಂತರ, ಅನಂತರ ಹೊಸದಾಗಿ ಬೂಟ್ ಆದ ಸಾಲುಗಳು. ನಡುವೆ ಏನಾಯಿತೆಂಬುದಕ್ಕೆ ಸಾಕ್ಷಿಯೇ ಇಲ್ಲ. ಕನಿಷ್ಠ ಐದು ನಿಮಿಷ ಯಾರೂ ಬಟನ್ ಮುಟ್ಟಬಾರದೆಂದು ಎಲ್ಲರನ್ನೂ ಒಪ್ಪಿಸುವುದಕ್ಕೆ, ಆಮೇಲಿನ ಯಾವ ತಾಂತ್ರಿಕ ಕೆಲಸಕ್ಕೂ ಬೇಕಾಗದಷ್ಟು ತಾಳ್ಮೆ ಬೇಕಾಯಿತು.

ಅದರ ಜೊತೆಗೆ ನೆಟ್‌ಕನ್ಸೋಲ್ ಹೊಂದಿಸಿದೆ. ಇದು ಕರ್ನಲ್ ಸಂದೇಶಗಳನ್ನು ಡಿಸ್ಕಿನ ಗೊಡವೆಯೇ ಇಲ್ಲದೆ, ಯುಡಿಪಿ ಪ್ಯಾಕೆಟ್‌ಗಳಾಗಿ ನೇರವಾಗಿ ಇನ್ನೊಂದು ಯಂತ್ರಕ್ಕೆ ಕಳಿಸುವ ವ್ಯವಸ್ಥೆ. ಈ ಬಗೆಯ ತೊಂದರೆ ಇರುವವರು ಬೇರೆ ಏನನ್ನೂ ಮಾಡುವ ಮೊದಲು ಎರಡು ಕೆಲಸ ಮಾಡಿಕೊಳ್ಳಬೇಕೆಂದು ನನ್ನ ಸಲಹೆ. ಒಂದು, ಬೇರೊಂದು ಯಂತ್ರಕ್ಕೆ ಪೂರ್ಣ ಬ್ಯಾಕಪ್ ತೆಗೆದು, ಅದರಿಂದ ಒಂದೆರಡು ಕಡತಗಳನ್ನಾದರೂ ಮರಳಿ ತೆಗೆದು ತೆರೆದು ನೋಡುವುದು. ಇನ್ನೊಂದು, ಲಾಗ್‌ಗಳು ಸರ್ವರಿನ ಹೊರಗೂ ಹೋಗಿ ಸೇರುವಂತೆ ಮಾಡುವುದು.

ಮುಂದಿನ ಸಲ ಸರ್ವರ್ ನಿಂತಾಗ ಸಂದೇಶಗಳು ಸಿಕ್ಕವು. ಡಿಸ್ಕ್ ಸಂಪರ್ಕಕ್ಕೆ ಸೇರಿದ ಒಂದು ಎಟಿಎ ಸಾಲಿನಲ್ಲಿ ಎಕ್ಸೆಪ್ಶನ್ (ದೋಷದ ಸೂಚನೆ), ಸಾಲಿನ ಕೊನೆಯಲ್ಲಿ ‘ಫ್ರೋಜನ್’ ಎಂಬ ಪದ, ಕೆಳಗೆ ವಿಫಲವಾದ ಬರೆಯುವ ಆದೇಶವಾಗಿ ‘ರೈಟ್ ಎಫ್‌ಪಿಡಿಎಂಎ ಕ್ಯೂಡ್’, ಅನಂತರ ‘ಹಾರ್ಡ್ ರೀಸೆಟಿಂಗ್ ಲಿಂಕ್’, ಹಲವು ಸೆಕೆಂಡುಗಳ ಬಳಿಕ ಲಿಂಕ್ 6 ಗಿಗಾಬಿಟ್ ವೇಗದಲ್ಲಿ ಮತ್ತೆ ಏರ್ಪಟ್ಟಿತೆಂಬ ಸಾಲು. ‘ಫ್ರೋಜನ್’ ಎಂಬುದನ್ನು ಓದಿ ಡಿಸ್ಕ್ ಹೆಪ್ಪುಗಟ್ಟಿದೆ, ಅದರ ಕಥೆ ಮುಗಿಯಿತು ಎಂದು ತಿಳಿಯಬೇಕಾಗಿಲ್ಲ. ದೋಷ ಸರಿಪಡಿಸುವ ತನಕ ಆ ಪೋರ್ಟಿಗೆ ಹೊಸ ಆದೇಶಗಳನ್ನು ಕಳಿಸುವುದನ್ನು ಕರ್ನಲ್ ತಡೆಹಿಡಿದಿದೆ ಎಂದಷ್ಟೇ ಅದರ ಅರ್ಥ. ನಿಲುಗಡೆ ಉದ್ದವಾದಾಗ, ಡೇಟಾಬೇಸ್ ಪ್ರಕ್ರಿಯೆ 120 ಸೆಕೆಂಡಿಗಿಂತ ಹೆಚ್ಚು ಹೊತ್ತಿನಿಂದ ತಡೆಗೊಂಡಿದೆ ಎಂಬ ಎಚ್ಚರಿಕೆಯೂ ಕಾಣಿಸಿಕೊಳ್ಳುತ್ತಿತ್ತು. ಅದು ತೊಂದರೆಯ ಲಕ್ಷಣವೇ ಹೊರತು ಕಾರಣವಲ್ಲ. ಆ ಎಚ್ಚರಿಕೆಯ ಮಿತಿಯನ್ನು ಬದಲಿಸಿ ಸಂದೇಶವನ್ನೇ ಮರೆಮಾಡುವ ಸಲಹೆಯನ್ನು ಕೆಲವರು ಕೊಡುತ್ತಾರೆ. ಅದರಿಂದ ಯಾವ ಉಪಯೋಗವೂ ಇಲ್ಲ.

ಡಿಸ್ಕ್‌ಗಳ ಸ್ಮಾರ್ಟ್ ವರದಿಯನ್ನು, ಅಂದರೆ ತಮ್ಮ ಸ್ಥಿತಿಯ ಬಗ್ಗೆ ಅವೇ ಇಟ್ಟುಕೊಳ್ಳುವ ಲೆಕ್ಕವನ್ನು, ತೆಗೆದೆ. ನಾಲ್ಕೂ ‘ಪಾಸ್ಡ್’ ಎಂದವು. ಈ ಒಂದು ಪದದ ಮೇಲೆ ಯಾರೂ ಭರವಸೆ ಇಡಬಾರದು. ತಯಾರಕರು ಗೊತ್ತುಮಾಡಿದ ಮಿತಿಯನ್ನು ಯಾವ ಗುಣಾಂಕವೂ ಇನ್ನೂ ದಾಟಿಲ್ಲ ಎನ್ನುವುದಷ್ಟೇ ಅದರಿಂದ ತಿಳಿಯುವುದು, ಮತ್ತು ಆ ಮಿತಿಗಳು ಬಹಳ ಉದಾರವಾಗಿರುತ್ತವೆ. ನೋಡಬೇಕಾದದ್ದು ವರದಿಯ ಕೆಳಭಾಗದ ಪಟ್ಟಿಯ ಕೊನೆಯ ಕಾಲಮ್ಮಿನಲ್ಲಿರುವ ಕಚ್ಚಾ ಸಂಖ್ಯೆಗಳನ್ನು. 5ನೆಯ ಸಾಲು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು (ಡಿಸ್ಕಿನಲ್ಲಿ ಡೇಟಾ ಇಡುವ ಸಣ್ಣ ತುಣುಕುಗಳು), 197 ಓದಲಾಗದೆ ತೀರ್ಮಾನಕ್ಕಾಗಿ ಕಾಯುತ್ತಿರುವ ಸೆಕ್ಟರ್‌ಗಳು, 199 ಕೇಬಲ್ಲಿನಲ್ಲಿ ಸಾಗುವಾಗ ಕೆಟ್ಟ ಡೇಟಾದ ಲೆಕ್ಕ. ಒಂದನೆಯ ಮತ್ತು ಏಳನೆಯ ಸಾಲುಗಳಲ್ಲಿ ಕೆಲವು ತಯಾರಕರ ಡಿಸ್ಕ್‌ಗಳು ಕೋಟಿಗಟ್ಟಲೆ ಸಂಖ್ಯೆ ತೋರಿಸುತ್ತವೆ. ಅವರು ಅಲ್ಲಿ ಎರಡು ಲೆಕ್ಕಗಳನ್ನು ಒಂದೇ ಸಂಖ್ಯೆಯೊಳಗೆ ತುಂಬಿರುತ್ತಾರಾದ್ದರಿಂದ ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

ಎರಡನೆಯ ಡಿಸ್ಕಿನ 199ನೆಯ ಸಾಲಿನಲ್ಲಿ ಸೊನ್ನೆಯಲ್ಲದ ಸಂಖ್ಯೆ ಇತ್ತು. ಹಾಗಿದ್ದರೆ ಕೇಬಲ್ಲೇ ಎಂದು ಕೇಳಿದವರೆಲ್ಲ ಹೇಳಿದರು, ಮತ್ತು ಹತ್ತರಲ್ಲಿ ಐದಾರು ಸಲ ಅದು ನಿಜವೂ ಆಗಿರುತ್ತದೆ ಎಂದೇ ನನ್ನ ಅಭಿಪ್ರಾಯ. ಆದರೆ ಈ ಲೆಕ್ಕ ಡಿಸ್ಕಿನ ಆಯುಷ್ಯದುದ್ದಕ್ಕೂ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಹಿಂದೆ ಯಾವಾಗಲೋ ಸಡಿಲವಾಗಿದ್ದ ಕೇಬಲ್ಲಿನ ಗುರುತು ಇಂದಿಗೂ ಅಲ್ಲಿ ಉಳಿದಿರಬಹುದು. ಆದ್ದರಿಂದ ಸಂಖ್ಯೆಯನ್ನು ಬರೆದಿಟ್ಟುಕೊಂಡು ಡೇಟಾ ಕೇಬಲ್ ಬದಲಿಸಿದೆವು. ಸರ್ವರ್ ಮತ್ತೆ ನಿಂತಿತು, ಸಂಖ್ಯೆ ಇದ್ದಲ್ಲೇ ಇತ್ತು. ಕೇಬಲ್ಲಿನ ಮೇಲಿನ ಅನುಮಾನ ಅಲ್ಲಿಗೆ ತೀರಿತು.

ಅದಾದ ಮೇಲಿನ ಕೆಲವು ಪ್ರಯೋಗಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಆದೇಶಗಳನ್ನು ಸಾಲುಗಟ್ಟಿಸುವ ಎನ್‌ಸಿಕ್ಯೂ ಸೌಲಭ್ಯವನ್ನು ಬೂಟ್ ಆಯ್ಕೆಯ ಮೂಲಕ ನಿಲ್ಲಿಸಿ ನೋಡಿದೆ. ಡೇಟಾಬೇಸ್ ನಿಧಾನವಾಯಿತು, ನಿಲುಗಡೆ ಹೋಗಲಿಲ್ಲ. ಲಿಂಕಿನ ವೇಗವನ್ನು 3 ಗಿಗಾಬಿಟ್‌ಗೆ ಇಳಿಸಿದ್ದೂ ಅಷ್ಟೇ. ವಿದ್ಯುತ್ ಉಳಿಸಲು ಲಿಂಕನ್ನು ಮಲಗಿಸುವ ಧೋರಣೆಯನ್ನು ‘ಮ್ಯಾಕ್ಸ್ ಪರ್ಫಾರ್ಮೆನ್ಸ್’ಗೆ ಬದಲಿಸಿದೆ. ಸುಮ್ಮನಿದ್ದ ಡಿಸ್ಕ್ ಎಚ್ಚರಗೊಳ್ಳುವಾಗ ಮಾತ್ರ ತೊಂದರೆ ಕೊಡುತ್ತಿದ್ದರೆ ಇದು ಫಲ ಕೊಡುವುದುಂಟು, ನಮ್ಮಲ್ಲಿ ಕೊಡಲಿಲ್ಲ. ಲಾಗ್‌ನಲ್ಲಿ ಯಾವ ಎಟಿಎ ದೋಷವೂ ಇಲ್ಲದೆ, ದೊಡ್ಡ ಬರವಣಿಗೆಯ ಹೊತ್ತಿನಲ್ಲಷ್ಟೇ ಡಿಸ್ಕ್ ಆಮೆಗತಿಗೆ ಇಳಿಯುತ್ತಿದ್ದರೆ ಅದು ಎಸ್‌ಎಂಆರ್ ಮಾದರಿಯದೇ ಎಂದು ಪರಿಶೀಲಿಸಬೇಕು. ಟ್ರ್ಯಾಕ್‌ಗಳನ್ನು ಹೆಂಚಿನಂತೆ ಒಂದರ ಮೇಲೊಂದು ಹೊದಿಸಿ ಬರೆಯುವ ಆ ಡಿಸ್ಕ್‌ಗಳು ತಮ್ಮ ತಾತ್ಕಾಲಿಕ ಜಾಗ ತುಂಬಿದೊಡನೆ ಹಳೆಯದನ್ನು ಒಪ್ಪಗೊಳಿಸುತ್ತಾ ಹೊಸದನ್ನು ಕಾಯಿಸುತ್ತವೆ, ರೇಡ್‌ಗೆ ಅವು ಹೊಂದುವುದಿಲ್ಲ.

ಪ್ರಯೋಗಗಳಿಗಿಂತಲೂ ಜೀವ ಹಿಂಡಿದ್ದು ಅವುಗಳ ನಡುವಣ ಕಾಯುವಿಕೆ. ಒಂದು ಬದಲಾವಣೆ ಮಾಡಿದ ಮೇಲೆ ಸರ್ವರ್ ನಾಲ್ಕು ದಿನ ಚೆನ್ನಾಗಿ ನಡೆದರೆ ತೊಂದರೆ ಹೋಯಿತೋ, ಅಥವಾ ಇನ್ನೂ ಬರಬೇಕಾಗಿದೆಯೋ ಎಂದು ಹೇಳುವುದು ಹೇಗೆ? ಪ್ರತಿಸಲವೂ ಆಸೆ ಹುಟ್ಟುವುದು, ಐದನೆಯ ದಿನ ಫೋನು ಬಡಿದುಕೊಳ್ಳುವುದು. ಈ ಬವಣೆಯಿಂದ ಹೊರಬರಲು ದಾರಿ ತೋರಿಸಿದ್ದು ಲಾಗಿನ ದಿನಾಂಕಗಳು. ಅತಿ ಉದ್ದದ ನಿಲುಗಡೆಗಳು ತಿಂಗಳ ಮೊದಲ ಭಾನುವಾರದ ನಸುಕಿನಲ್ಲೇ ಬಿದ್ದಿದ್ದವು. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ರೇಡ್ ನಡೆಸುವ ಎಂಡಿಎಡಿಎಂ ಪ್ಯಾಕೇಜ್ ತಿಂಗಳ ಮೊದಲ ಭಾನುವಾರ ಎಲ್ಲ ರೇಡ್ ಜೋಡಿಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದಿ ತಾಳೆ ನೋಡುವಂತೆ ವ್ಯವಸ್ಥೆ ಮಾಡಿರುತ್ತದೆ. ನಾಲ್ಕೂ ಡಿಸ್ಕ್‌ಗಳು ಒಟ್ಟಿಗೆ ಗಂಟೆಗಟ್ಟಲೆ ದುಡಿಯುವುದು ಆಗ ಮಾತ್ರ. ಹಾಗಿದ್ದರೆ ಭಾನುವಾರಕ್ಕಾಗಿ ಕಾಯುವುದೇಕೆ? ಬಳಕೆದಾರರಿಗೆ ಮೊದಲೇ ತಿಳಿಸಿ, ಬ್ಯಾಕಪ್ ಮುಗಿದಿರುವುದನ್ನು ಖಾತ್ರಿ ಮಾಡಿಕೊಂಡು, ಎರಡೂ ಜೋಡಿಗಳ ‘ಸಿಂಕ್ ಆ್ಯಕ್ಷನ್’ ಕಡತಕ್ಕೆ ‘ಚೆಕ್’ ಎಂದು ಬರೆದು ಅದೇ ತಪಾಸಣೆಯನ್ನು ನಾವೇ ಆರಂಭಿಸಿದೆವು. ಒಂದು ಗಂಟೆಯೊಳಗೆ ಸರ್ವರ್ ನಿಂತಿತು. ತೊಂದರೆ ಮರುಕಳಿಸಿದ್ದಕ್ಕೆ ಸಂತೋಷವಾದದ್ದು ಅದೇ ಮೊದಲು.

ಈಗ ಕೈಯಲ್ಲಿದ್ದ ದಾಖಲೆ ಸ್ಪಷ್ಟವಾಗಿತ್ತು. ಎರಡನೆಯ ಡಿಸ್ಕ್ ಮತ್ತು ನಾಲ್ಕನೆಯ ಡಿಸ್ಕ್ ಒಂದೇ ಸೆಕೆಂಡಿನಲ್ಲಿ ಲಿಂಕ್ ಕಳೆದುಕೊಂಡಿದ್ದವು. ಅವು ಬೇರೆ ಬೇರೆ ಜೋಡಿಗೆ ಸೇರಿದವು, ಬೇರೆ ಬೇರೆ ಪೋರ್ಟಿನಲ್ಲಿದ್ದವು. ಅದೇ ಕಂಟ್ರೋಲರಿಗೆ ಸೇರಿದ ಇನ್ನೆರಡು ಡಿಸ್ಕ್‌ಗಳಿಗೆ ಏನೂ ಆಗಿರಲಿಲ್ಲ. ಎರಡು ಡಿಸ್ಕ್‌ಗಳು ಒಂದೇ ಕ್ಷಣದಲ್ಲಿ ಕೆಡುವುದು ನಂಬುವ ಮಾತಲ್ಲ. ಅವೆರಡಕ್ಕೂ ಸಮಾನವಾದದ್ದು ಯಾವುದೋ ಇರಬೇಕು.

ತಪಾಸಣೆಗೆ ಮೊದಲು ಮತ್ತು ಆಮೇಲೆ ತೆಗೆದ ಸ್ಮಾರ್ಟ್ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿದಾಗ, ಯಾರೂ ಸಾಮಾನ್ಯವಾಗಿ ಕಣ್ಣು ಹಾಯಿಸದ 12ನೆಯ ಸಾಲು ಬಾಯಿಬಿಟ್ಟಿತು. ಅದು ಪವರ್ ಸೈಕಲ್ ಕೌಂಟ್, ಅಂದರೆ ಡಿಸ್ಕಿಗೆ ಎಷ್ಟು ಸಲ ವಿದ್ಯುತ್ ಹೋಗಿ ಬಂದಿದೆ ಎಂಬ ಲೆಕ್ಕ. ಸರ್ವರ್ ಆಫ್ ಆಗಿಯೇ ಇರಲಿಲ್ಲ, ಅಪ್‌ಟೈಮ್ (ಬೂಟ್ ಆದಂದಿನಿಂದ ಕಳೆದ ಹೊತ್ತು) ಮುಂದುವರಿಯುತ್ತಲೇ ಇತ್ತು. ಆದರೂ ಎರಡನೆಯ ಮತ್ತು ನಾಲ್ಕನೆಯ ಡಿಸ್ಕ್‌ಗಳಲ್ಲಿ ಈ ಸಂಖ್ಯೆ ಒಂದೊಂದು ಏರಿತ್ತು. ಅವುಗಳ 192ನೆಯ ಸಾಲೂ, ಅಂದರೆ ವಿದ್ಯುತ್ ಹಠಾತ್ತನೆ ಹೋದಾಗ ಓದಿ ಬರೆಯುವ ಹೆಡ್ಡನ್ನು ಒಳಗೆಳೆದುಕೊಂಡ ಲೆಕ್ಕವೂ, ಏರಿತ್ತು. ಉಳಿದೆರಡರಲ್ಲಿ ಯಾವುದೂ ಬದಲಾಗಿರಲಿಲ್ಲ. ಹಿಂದೆ ಪವರ್ ಬಟನ್ ಒತ್ತುತ್ತಿದ್ದ ದಿನಗಳಲ್ಲಿ ನಾಲ್ಕೂ ಡಿಸ್ಕ್‌ಗಳ ಲೆಕ್ಕ ಏರುತ್ತಿದ್ದುದರಿಂದ ಈ ವ್ಯತ್ಯಾಸ ಅದರೊಳಗೆ ಮುಚ್ಚಿಹೋಗಿತ್ತು. ಡಿಸ್ಕ್‌ಗಳು ಕೆಟ್ಟಿರಲಿಲ್ಲ, ಅವುಗಳಿಗೆ ಕರೆಂಟ್ ಹೋಗುತ್ತಿತ್ತು! ಕ್ಷಣಮಾತ್ರ ವಿದ್ಯುತ್ ತಪ್ಪಿ, ತಟ್ಟೆಗಳು ಮತ್ತೆ ಪೂರ್ಣ ವೇಗಕ್ಕೆ ಬರುವವರೆಗೆ ಕರ್ನಲ್ ಕಾಯುತ್ತಿತ್ತು, ಮಿರರ್ ಕಾಯುತ್ತಿತ್ತು, ನಾವೂ ಕಾಯುತ್ತಿದ್ದೆವು.

ಸರ್ವರ್ ಆಫ್ ಮಾಡಿ ಮುಚ್ಚಳ ತೆಗೆದೆವು. ಪವರ್ ಸಪ್ಲೈಯಿಂದ ಬಂದ ಒಂದು ತುದಿಯನ್ನು ಎರಡಾಗಿ ಸೀಳುವ ಸ್ಪ್ಲಿಟರ್‌ನಿಂದ ಈ ಎರಡು ಡಿಸ್ಕ್‌ಗಳಿಗೆ ವಿದ್ಯುತ್ ಕೊಡಲಾಗಿತ್ತು. ಸ್ಪ್ಲಿಟರಿನ ಬಿಳಿ ಪ್ಲಾಸ್ಟಿಕ್ ತುದಿಯಲ್ಲಿ ಹಳದಿ ತಂತಿ ಒಳಹೋಗುವ ಕಿಂಡಿಯ ಸುತ್ತ ಕಂದುಬಣ್ಣದ ಒಂದು ಉಂಗುರ ಮೂಡಿತ್ತು. ಅದರೊಳಗಿನ ಲೋಹದ ಪಿನ್ನು ಬೆರಳಿನಿಂದ ಒತ್ತಿದರೆ ಹಿಂದಕ್ಕೆ ಸರಿಯುತ್ತಿತ್ತು, ಉಳಿದ ಮೂರು ಅಲುಗುತ್ತಿರಲಿಲ್ಲ. ಹಳದಿ ತಂತಿಯದು 12 ವೋಲ್ಟ್, ಡಿಸ್ಕಿನ ಮೋಟಾರ್ ತಿರುಗುವುದು ಅದರಿಂದಲೇ. ಸಂಪರ್ಕ ಸಡಿಲವಾದಲ್ಲಿ ರೋಧ ಹೆಚ್ಚುತ್ತದೆ, ರೋಧ ಹೆಚ್ಚಿದಲ್ಲಿ ಬಿಸಿಯಾಗುತ್ತದೆ, ಬಿಸಿಗೆ ಪ್ಲಾಸ್ಟಿಕ್ ಇನ್ನಷ್ಟು ಸಡಿಲವಾಗುತ್ತದೆ. ಎರಡೂ ಡಿಸ್ಕ್‌ಗಳು ಒಟ್ಟಿಗೆ ಹೆಡ್ ಓಡಿಸಿ ಹೆಚ್ಚು ವಿದ್ಯುತ್ ಸೆಳೆದಾಗ ಅಲ್ಲಿ ವೋಲ್ಟೇಜ್ ಕುಸಿಯುತ್ತಿತ್ತು. ಬಯೋಸ್‌ನಲ್ಲಿ 12 ವೋಲ್ಟ್ ಸರಿಯಾಗಿಯೇ ಕಾಣಿಸುತ್ತಿದ್ದುದು ನಮ್ಮನ್ನು ಅಷ್ಟು ದಿನ ಈ ಕಡೆ ನೋಡದಂತೆ ಮಾಡಿತ್ತು. ಅದು ಅಳೆಯುವುದು ಮದರ್‌ಬೋರ್ಡಿನ ಬಳಿಯ ವೋಲ್ಟೇಜನ್ನೇ ಹೊರತು ಕೇಬಲ್ಲಿನ ತುದಿಯದನ್ನಲ್ಲ.

ಸ್ಪ್ಲಿಟರನ್ನು ಕಿತ್ತುಹಾಕಿ ಪವರ್ ಸಪ್ಲೈಯ ಬೇರೆ ಬೇರೆ ಕೇಬಲ್‌ಗಳಿಂದ ನೇರವಾಗಿ ಸಂಪರ್ಕ ಕೊಟ್ಟೆವು. ಇಡೀ ಪೆಟ್ಟಿಗೆಯಲ್ಲಿ ಅದಕ್ಕಿಂತ ಅಗ್ಗವಾದ ಭಾಗ ಇನ್ನೊಂದಿರಲಿಲ್ಲ, ಮತ್ತು ಅದರ ಬದಲಿಗೆ ನಾಲ್ಕು ಹೊಸ ಡಿಸ್ಕ್ ತರಿಸುವ ಮಾತು ಆಗಲೇ ನಡೆದಿತ್ತು. ಮತ್ತೆ ‘ಚೆಕ್’ ಓಡಿಸಿದಾಗ 12ನೆಯ ಸಾಲು ಅಲುಗಲಿಲ್ಲ. ತಾಳೆಯಾಗದ ಭಾಗಗಳ ಲೆಕ್ಕ ಮಾತ್ರ ಎರಡೂ ಜೋಡಿಗಳಲ್ಲಿ ಸೊನ್ನೆಯಾಗಿರಲಿಲ್ಲ. ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಇರುವ ಮಿರರ್‌ನಲ್ಲಿ ಇದು ಯಾವ ದೋಷವಿಲ್ಲದೆಯೂ ಬರಬಹುದು. ಆದರೆ ವಿದ್ಯುತ್ ಹೋದ ಕ್ಷಣದಲ್ಲಿ ಡಿಸ್ಕಿನ ಒಳಗಿನ ಕ್ಯಾಶ್‌ನಲ್ಲಿದ್ದು ತಟ್ಟೆಗೆ ಇಳಿಯದ ಡೇಟಾ ಕಳೆದುಹೋಗಿರುವ ಸಾಧ್ಯತೆಯನ್ನು ನಾವು ತಳ್ಳಿಹಾಕುವಂತಿರಲಿಲ್ಲ. ಎರಡು ಪ್ರತಿಗಳಲ್ಲಿ ಯಾವುದು ಸರಿ ಎಂಬುದು ಮಿರರ್‌ಗೆ ಗೊತ್ತಿರುವುದಿಲ್ಲ. ವಿದ್ಯುತ್ ತಪ್ಪದೆ ಇದ್ದ ಡಿಸ್ಕನ್ನು ನಂಬಿ, ಅನುಮಾನದ ಡಿಸ್ಕನ್ನು ಜೋಡಿಯಿಂದ ತೆಗೆದು, ಅದರ ರೇಡ್ ಗುರುತನ್ನು ಅಳಿಸಿ, ಹೊಸದೆಂಬಂತೆ ಮತ್ತೆ ಸೇರಿಸಿ ಪೂರ್ತಿಯಾಗಿ ನಕಲಾಗಲು ಬಿಟ್ಟೆವು. ಡೇಟಾಬೇಸಿನ ಕೋಷ್ಟಕಗಳನ್ನೂ ಅದರದೇ ಉಪಕರಣದಿಂದ ಪರೀಕ್ಷಿಸಿದೆವು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕೆಲವು ವಾರಗಳ ನಂತರ ನಾಲ್ಕನೆಯ ಡಿಸ್ಕ್ ಒಂಟಿಯಾಗಿ ನಿಂತಿತು. ಈ ಸಲದ ಚಹರೆಯೇ ಬೇರೆ: 12ನೆಯ ಸಾಲಿನಲ್ಲಿ ಬದಲಾವಣೆಯಿಲ್ಲ, ವಿಫಲವಾದ ಆದೇಶ ಬರೆಯುವುದಲ್ಲ, ಓದುವುದು. 197ನೆಯ ಸಾಲಿನಲ್ಲಿ 8 ಎಂದಿತ್ತು. 4096 ಬೈಟಿನ ಒಂದು ಭೌತಿಕ ಸೆಕ್ಟರನ್ನು 512 ಬೈಟಿನ ಎಂಟು ಸೆಕ್ಟರ್‌ಗಳಾಗಿ ತೋರಿಸುವ ಡಿಸ್ಕ್‌ಗಳಲ್ಲಿ ಒಂದು ಜಾಗ ಕೆಟ್ಟರೆ ಹೀಗೆ ಎಂಟರ ಲೆಕ್ಕದಲ್ಲಿ ಕಾಣಿಸುವುದು ಸಾಮಾನ್ಯ. ದೀರ್ಘ ಸ್ವಯಂಪರೀಕ್ಷೆ ಓಡಿಸಿದರೆ ಅದು ಅರ್ಧದಲ್ಲಿಯೇ ‘ರೀಡ್ ಫೇಲ್ಯೂರ್’ ಎಂದು ನಿಂತು, ದೋಷವಿರುವ ಜಾಗದ ವಿಳಾಸವನ್ನೂ ಕೊಟ್ಟಿತು.

ಒಂದು ಸೆಕ್ಟರ್ ಕೆಟ್ಟರೆ ಇಡೀ ಸರ್ವರ್ ಏಕೆ ನಿಲ್ಲಬೇಕು ಎಂಬ ಪ್ರಶ್ನೆಗೆ ಉತ್ತರ ಎರಡು ತಾಳ್ಮೆಗಳ ತಿಕ್ಕಾಟದಲ್ಲಿದೆ. ಮನೆಬಳಕೆಯ ಡಿಸ್ಕ್ ಕೆಟ್ಟ ಸೆಕ್ಟರನ್ನು ಹೇಗಾದರೂ ಓದಲೇಬೇಕೆಂದು ಒಂದು ನಿಮಿಷ, ಎರಡು ನಿಮಿಷ ಬಿಡದೆ ಯತ್ನಿಸುತ್ತದೆ. ಒಂಟಿ ಡಿಸ್ಕಿಗೆ ಅದೇ ಸರಿಯಾದ ನಡತೆ. ಲಿನಕ್ಸ್ ಕರ್ನಲ್ ಕಾಯುವುದು 30 ಸೆಕೆಂಡು. ಆಮೇಲೆ ಅದು ಲಿಂಕನ್ನು ರೀಸೆಟ್ ಮಾಡುತ್ತದೆ, ಡಿಸ್ಕ್ ಇನ್ನೂ ತನ್ನ ಯತ್ನದಲ್ಲಿ ಮುಳುಗಿರುವುದರಿಂದ ಅದಕ್ಕೂ ಉತ್ತರಿಸುವುದಿಲ್ಲ, ಕೊನೆಗೆ ಒಂದು ಸೆಕ್ಟರಿನ ತಪ್ಪಿಗೆ ಇಡೀ ಡಿಸ್ಕನ್ನೇ ರೇಡ್‌ನಿಂದ ಹೊರಹಾಕುವುದೂ ಉಂಟು. ರೇಡ್‌ಗೆಂದೇ ಮಾಡಿದ ಡಿಸ್ಕ್‌ಗಳಲ್ಲಿ ಎಸ್‌ಸಿಟಿ ಇಆರ್‌ಸಿ ಎಂಬ ಮಿತಿ ಇರುತ್ತದೆ. ಅದನ್ನು ಸಾಮಾನ್ಯವಾಗಿ 7 ಸೆಕೆಂಡಿಗೆ ಇಡುತ್ತಾರೆ; ಆಜ್ಞೆಯಲ್ಲಿ ಬರೆಯುವುದು 70 ಎಂದು, ಏಕೆಂದರೆ ಅಲ್ಲಿನ ಲೆಕ್ಕ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ. ಅಷ್ಟರೊಳಗೆ ಓದಲಾಗದಿದ್ದರೆ ಡಿಸ್ಕ್ ಸೋಲೊಪ್ಪಿಕೊಳ್ಳುತ್ತದೆ, ರೇಡ್ ಜೊತೆಯ ಡಿಸ್ಕಿನಿಂದ ಡೇಟಾ ತಂದು ಕೆಟ್ಟ ಜಾಗದ ಮೇಲೆ ಬರೆಯುತ್ತದೆ. ನಮ್ಮ ನಾಲ್ಕನೆಯ ಡಿಸ್ಕಿನಲ್ಲಿ ಆ ಸೌಲಭ್ಯವೇ ಇರಲಿಲ್ಲ. ಅಂಥಲ್ಲಿ ಇರುವ ಉಪಾಯ, ಆ ಡಿಸ್ಕಿನ ಮಟ್ಟಿಗೆ ಕರ್ನಲ್ಲಿನ ಕಾಯುವ ಮಿತಿಯನ್ನು 180 ಸೆಕೆಂಡಿಗೆ ಏರಿಸುವುದು. ನಿಲುಗಡೆ ಇದರಿಂದ ತಪ್ಪುವುದಿಲ್ಲ, ಡಿಸ್ಕ್ ಹೊರಬೀಳುವುದು ತಪ್ಪುತ್ತದೆ. ಇವೆರಡೂ ಹೊಂದಿಕೆಗಳನ್ನು ಪ್ರತಿ ಬೂಟ್‌ನಲ್ಲಿಯೂ ಮತ್ತೆ ಹಾಕಬೇಕು. ಡಿಸ್ಕ್ ಕಂಡೊಡನೆ ತಾನಾಗಿ ಜಾರಿಯಾಗುವ ಒಂದು ಯೂಡೆವ್ ನಿಯಮದಲ್ಲಿ ಬರೆದಿಟ್ಟರೆ ಒಳ್ಳೆಯದು.

197ರ ಸಂಖ್ಯೆ ಏರುತ್ತಲೇ ಹೋದ್ದರಿಂದ ಡಿಸ್ಕ್ ಬದಲಿಸುವುದು ಅನಿವಾರ್ಯವಾಯಿತು. ಹೊಸ ಡಿಸ್ಕನ್ನು ಮೊದಲು ಜೋಡಿಸಿ, ಎಂಡಿಎಡಿಎಂನ ‘ರಿಪ್ಲೇಸ್’ ಆಯ್ಕೆ ಬಳಸಿದರೆ ನಕಲು ಮುಗಿಯುವವರೆಗೆ ಹಳೆಯ ಡಿಸ್ಕೂ ಜೋಡಿಯಲ್ಲೇ ಉಳಿಯುತ್ತದೆ. ಮೊದಲೇ ಕಿತ್ತು ಆಮೇಲೆ ಸೇರಿಸುವುದಕ್ಕಿಂತ ಇದು ಎಷ್ಟೋ ಸುರಕ್ಷಿತ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಬೂಟ್‌ನಿಂದ ಬೂಟ್‌ಗೆ ಬದಲಾಗಬಹುದಾದ್ದರಿಂದ, ಕೀಳುವ ಮೊದಲು ಮೈಮೇಲಿನ ಸೀರಿಯಲ್ ಸಂಖ್ಯೆಯನ್ನು ಓದಿ ತಾಳೆ ನೋಡಲೇಬೇಕು. ಬೂಟ್ ಆಗುವ ಜೋಡಿಯ ಡಿಸ್ಕಾದರೆ ಹೊಸದರ ಮೇಲೂ ಬೂಟ್ ಮಾಡಿಸುವ ಗ್ರಬ್ ಅನ್ನು ಅನುಸ್ಥಾಪಿಸಬೇಕು.

ವಾರಂಟಿಯಲ್ಲಿ ಇನ್ನೊಂದು ಸುತ್ತು. ವಾರಂಟಿಯವರು ವರದಿಯ ಮೇಲ್ಭಾಗದ ‘ಪಾಸ್ಡ್’ ತೋರಿಸಿ ಡಿಸ್ಕ್ ಚೆನ್ನಾಗಿದೆಯೆಂದು ವಾಪಸು ಮಾಡಲು ನೋಡಿದರು. ದೀರ್ಘ ಪರೀಕ್ಷೆ ವಿಫಲವಾದ ಸಾಲು, ಅದರಲ್ಲಿನ ವಿಳಾಸ, 197ನೆಯ ಸಂಖ್ಯೆ ಏರುತ್ತಾ ಹೋದ ದಿನವಾರು ದಾಖಲೆ, ಇವನ್ನು ಒಂದೇ ಕಡತದಲ್ಲಿ ಸೇರಿಸಿ ಕೊಟ್ಟ ಮೇಲೆ ಒಪ್ಪಿಕೊಂಡರು. ಕೊಡುವ ಮೊದಲು ಡಿಸ್ಕನ್ನು ಪೂರ್ತಿ ಅಳಿಸಬೇಕೆಂಬುದನ್ನು ಮರೆಯಬಾರದು, ಮತ್ತು ಕೆಟ್ಟ ಸೆಕ್ಟರ್‌ಗಳಿರುವ ಡಿಸ್ಕ್ ಅಳಿಸಲು ನಿರೀಕ್ಷೆಗಿಂತ ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಬದಲಿಯಾಗಿ ಬಂದದ್ದು ಹೊಚ್ಚಹೊಸದಲ್ಲ, ದುರಸ್ತಿಯಾದ ಡಿಸ್ಕ್. ವಾರಂಟಿಯಲ್ಲಿ ಇದು ಸಾಮಾನ್ಯ. ಅದರ ಮೇಲೆ ಮೊದಲು ದೀರ್ಘ ಪರೀಕ್ಷೆ ಓಡಿಸಿ, ಪೂರ್ತಿ ಒಮ್ಮೆ ಬರೆದು ಓದಿ ನೋಡಿ, ಇಆರ್‌ಸಿ ಇದೆಯೆಂದು ಖಚಿತವಾದ ಮೇಲೆ ಬಿಡಿ ಡಿಸ್ಕಾಗಿ ಎತ್ತಿಟ್ಟಿದ್ದೇವೆ. 5, 12, 192, 197 ಮತ್ತು 199ನೆಯ ಸಾಲುಗಳು ಈಗ ಗಂಟೆಗೊಮ್ಮೆ ಬೇರೊಂದು ಯಂತ್ರದಲ್ಲಿ ದಾಖಲಾಗುತ್ತಿವೆ, ಅಪ್‌ಟೈಮ್ ಮುರಿಯದೆ 12ನೆಯದು ಏರಿದರೆ ಆ ಕ್ಷಣವೇ ಸಂದೇಶ ಬರುತ್ತದೆ.